ಲೆನ್ಸಮ್ಮನ ವೀಸಾ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೆ. ಈ ಎರಡನೆಯದರ ಮೇಲೆ ಮೇಷ್ಟ್ರಿಗೆ ಎಷ್ಟು ಮಮತೆಯೆಂದರೆ, ಅರ್ಧ ಬೀದಿಯಾಚೆ ಮಲಗಿದ್ದ ನಾಯಿ ಮೈಮುರಿದರೂ ಸಾಕು, ಅವರ ಕಾಲು ತಾನಾಗಿ ಒತ್ತಿಬಿಡುತ್ತಿತ್ತು. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬಾಯಿಗೂ ಒಂದು ಹಾಕಿಸಿಕೊಳ್ಳಬಾರದಿತ್ತೇ ಎಂದು ನಗುವವರೂ ಇದ್ದರು. ಮೇಷ್ಟ್ರಿಗೆ ಇದೆಲ್ಲ ಗೊತ್ತಿತ್ತು, ಬೇಸರವಿರಲಿಲ್ಲ. ತಮ್ಮ ಕೈಯಲ್ಲಿ ಪಳಗಿದವರು ಯಾರೂ ಎಲ್ಲೂ ಗುದ್ದಿಲ್ಲ ಎಂಬುದೊಂದೇ ಅವರಿಗೆ ಸಾಕಾಗಿತ್ತು.

ಅವರ ಹೆಂಡತಿ ಪೇಟೆಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಮುಂದಿನ ಕೋಣೆಯಲ್ಲಿ ಕಣ್ಣು ನೋಡುವುದು, ಫ್ರೇಮು ಆರಿಸುವುದು, ಕನ್ನಡಿಯ ಮುಂದೆ ಗಿರಾಕಿಗಳು ಮುಖ ಓರೆ ಮಾಡಿ ನೋಡಿಕೊಳ್ಳುವುದು. ಹಿಂದಿನ ಕೋಣೆಯಲ್ಲಿ ಈಕೆಯೊಬ್ಬಳೇ. ತಿರುಗುವ ಸಾಣೆಗೆ ಗಾಜಿನ ಅಂಚನ್ನು ಹಿಡಿದು, ನೀರು ಬಿಟ್ಟು ಉಜ್ಜಿ, ಬೆಳಕಿಗೆ ಎತ್ತಿ ನೋಡಿ, ಫ್ರೇಮಿನೊಳಗೆ ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಕೂರಬೇಕು. ಒಂದು ಸಲಕ್ಕೇ ಕೂರುತ್ತಿತ್ತು. ಅಂಗಡಿಯವರು ಇಟ್ಟ ಲೆನ್ಸಮ್ಮ ಎಂಬ ಹೆಸರೇ ಊರಿಗೆಲ್ಲ ಹಬ್ಬಿತ್ತು.

ಲೆನ್ಸಮ್ಮನಿಗೆ ಉಗ್ಗು. ಚಿಕ್ಕಂದಿನಿಂದಲೂ ಇದ್ದದ್ದು. ಮಾತಿನ ಮೊದಲ ಅಕ್ಷರವೇ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ಒಮ್ಮೆ ದಾಟಿತೆಂದರೆ ಉಳಿದದ್ದು ನೆಟ್ಟಗೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಬಟ್ಟೆಯಂಗಡಿಗೆ ಹೋಗಿದ್ದಾಗ ಆಕೆ ಬೇಕಾದ ಬಣ್ಣದ ಹೆಸರು ಹೇಳಲು ‘ನ’ಕಾರದಲ್ಲಿ ಸಿಕ್ಕಿಕೊಂಡಳು. ಅಂಗಡಿಯವನು ಕಿಸಕ್ಕನೆ ನಕ್ಕ. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. “ಏನಯ್ಯ ನಗ್ತೀಯ? ನೀಲಿ ಅಂತ ಹೇಳ್ತಿದ್ದಾಳೆ, ಗೊತ್ತಾಗಲ್ವಾ? ತೆಗಿ ನೀಲಿ!” ಎಂದು ಹರಿಹಾಯ್ದರು. ಆವತ್ತಿನಿಂದ ಹೆಂಡತಿಯ ಮಾತನ್ನು ತಾವೇ ಮುಗಿಸುವುದು ಅವರಿಗೆ ಅಭ್ಯಾಸವಾಯಿತು. ಅವಳನ್ನು ನೋಡಿ ಯಾರೂ ನಗಬಾರದು, ಅಷ್ಟೆ. ಅವಳಿಗೆ ಬೇಕಿದ್ದದ್ದು ನೇರಳೆ ಎಂದು ಮುಂದೆ ಬೆಳೆದು ದೊಡ್ಡವಳಾದ ಮಗಳು ಹೇಳಿ ಅವರಿಗೆ ತಿಳಿಯುವಷ್ಟರಲ್ಲಿ, ಆ ನೀಲಿ ಬಟ್ಟೆ ಹರಿದು ನೆಲ ಒರೆಸುವುದಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಲೆನ್ಸಮ್ಮ ಬಾಯಿ ತೆರೆದಳು. “ಹ... ಹ...”

“ಹಾಲಾ? ಇರು, ನಾನೇ ತರ್ತೀನಿ,” ಎಂದು ಮೇಷ್ಟ್ರು ಎದ್ದರು.

ಆಕೆ ತಲೆಯಲ್ಲಾಡಿಸಿದಳು.

“ಹಣ್ಣಾ?”

“ಹಡಗು,” ಎಂದಳು ಲೆನ್ಸಮ್ಮ. “ಹಡಗಲ್ಲಿ ಹೋಗೋಣ.”

ಮೇಷ್ಟ್ರು ಹಾಗೆಯೇ ಕೂತರು. ಹೆಂಡತಿ ಇದು ಬೇಕು ಎಂದು ಕೇಳಿದ್ದನ್ನು ಅವರು ಕಂಡಿರಲೇ ಇಲ್ಲ. ವಿಷಯ ಇಷ್ಟು: ಗಾಜು ಸರಬರಾಜು ಮಾಡುವವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಳೆಯ ದೀಪಸ್ತಂಭವೊಂದರ ಒಳಗಿನ ಚಿತ್ರವಿತ್ತು. ದೀಪದ ಸುತ್ತ ಆಳೆತ್ತರಕ್ಕೆ, ಬಳೆಯೊಳಗೆ ಬಳೆಯಿಟ್ಟಂತೆ, ಗಾಜಿನ ನೂರಾರು ತುಂಡುಗಳನ್ನು ಹಿತ್ತಾಳೆಯ ಚೌಕಟ್ಟಿಗೆ ಕೂರಿಸಿದ್ದರು. ಆಕೆ ಅದನ್ನು ಕತ್ತರಿಸಿ ಸಾಣೆಯ ಮೇಲಿನ ಗೋಡೆಗೆ ಅಂಟಿಸಿದ್ದಳು. ಆ ದೀಪಸ್ತಂಭವಿರುವ ಪರದೇಶದ ಬಂದರಿನಲ್ಲಿ ಪ್ರವಾಸದ ಹಡಗೊಂದು ಒಂದು ದಿನ ನಿಲ್ಲುತ್ತದೆಂದು ಎಲ್ಲಿಂದಲೋ ತಿಳಿದುಕೊಂಡಿದ್ದಳು.

ಮೇಷ್ಟ್ರು ಕುಣಿದಾಡಿಬಿಟ್ಟರು. ಮರುದಿನವೇ ಹೋಗಿ ಟಿಕೆಟ್ ಮಾಡಿಸಿದರು. ಕಾರು ಕಲಿಯಲು ಬಂದವರಿಗೆಲ್ಲ ಗೇರು ಹಾಕುವುದಕ್ಕಿಂತ ಮೊದಲು ಹಡಗಿನ ಸುದ್ದಿ ಹೇಳಿದರು.

ತೊಡಕು ಬಂದದ್ದು ಆಮೇಲೆ. ಟ್ರಾವೆಲ್ಸ್ ಆಫೀಸಿನ ಹುಡುಗಿ ಫೋನು ಮಾಡಿ ಇಬ್ಬರನ್ನೂ ಕರೆಸಿದಳು. “ಅಂಕಲ್, ಹಡಗು ಅಲ್ಲಿ ನಿಲ್ಲೋದರಿಂದ ವೀಸಾ ಬೇಕೇ ಬೇಕು. ಕೆಳಗಿಳಿಯಲ್ಲ ಅಂದ್ರೂ ಬಿಡಲ್ಲ. ವೀಸಾ ಇಲ್ದಿದ್ರೆ ಇಲ್ಲೇ ಹಡಗು ಹತ್ತಿಸಿಕೊಳ್ಳಲ್ಲ.”

“ಮಾಡಿಸಿದರಾಯ್ತು. ಅದಕ್ಕೇನಂತೆ?”

“ಇಬ್ಬರೂ ಖುದ್ದಾಗಿ ಹೋಗಬೇಕು. ಪ್ರಶ್ನೆ ಕೇಳ್ತಾರೆ.”

“ಕೇಳಲಿ. ನಾನಿದ್ದೀನಲ್ಲ, ನಾನು ಮಾತಾಡ್ತೀನಿ.”

“ಇಲ್ಲ ಅಂಕಲ್. ಒಬ್ಬೊಬ್ಬರನ್ನೇ ಕರೀತಾರೆ. ಆಂಟಿದು ಆಂಟಿನೇ ಹೇಳಬೇಕು.”

ಮೇಷ್ಟ್ರ ಮುಖದ ಕಳೆ ಇಳಿಯಿತು. ಅವರ ಕಣ್ಣ ಮುಂದೆ ಬಟ್ಟೆಯಂಗಡಿಯವನ ಹಲ್ಲು ಬಂದು ನಿಂತವು. ದಾರಿಯುದ್ದಕ್ಕೂ ಹೆಂಡತಿಗೆ ಬುದ್ಧಿ ಹೇಳಿದರು. ಪರದೇಶ ಮುಟ್ಟದ ಹಡಗುಗಳೂ ಇವೆಯಂತೆ, ಸುಮ್ಮನೆ ಸಮುದ್ರದಲ್ಲಿ ಸುತ್ತಿಸಿ ತಂದುಬಿಡುತ್ತಾರಂತೆ, ಊಟ ತಿಂಡಿ ಅದರಲ್ಲೂ ಅಷ್ಟೇ ಚೆನ್ನಾಗಿರುತ್ತದಂತೆ. ಲೆನ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮನೆಯ ಬೀಗ ತೆಗೆಯುತ್ತ, “ಬೇಡ. ನಂಗೆ ಅದೇ ಗಾಜು ನೋಡಬೇಕು,” ಎಂದಳು. ಒಂದೂ ಅಕ್ಷರ ತಡೆಯಲಿಲ್ಲ.

ಸರಿ, ಹಾಗಾದರೆ ತಯಾರಿ ನಡೆಯಲೇಬೇಕು. ಮೇಷ್ಟ್ರಿಗೆ ಪಾಠವೆಂದರೆ ಕಾರಿನಲ್ಲೇ ಆಗಬೇಕು. ಹೆಂಡತಿಯನ್ನು ಮನೆಯೆದುರು ನಿಲ್ಲಿಸಿದ್ದ ಕಾರಿನೊಳಗೆ ಕೂರಿಸಿ ತಾವೇ ಅಧಿಕಾರಿಯಾದರು. ಊಹೆಗೆ ಬಂದ ಪ್ರಶ್ನೆಗೆಲ್ಲ ಒಂದೊಂದು ಮಾತಿನ ಉತ್ತರ ಹೊಸೆದಿದ್ದರು. ದೀಪಸ್ತಂಭದ ಸುದ್ದಿಯೇ ಬೇಡ, ಅದು ಉದ್ದ ಕಥೆ. ಏತಕ್ಕೆ ಎಂದರೆ ‘ಪ್ರವಾಸ’ ಎಂದರಾಯಿತು.

“ಹೇಳು ನೋಡೋಣ. ಯಾಕೆ ಬರ್ತಿದ್ದೀರಿ?”

“ಪ... ಪ... ಪ...”

“ಪ್ರವಾಸ! ಪ್ರವಾಸ ಅನ್ನು.”

“ಪ...”

ಮೇಷ್ಟ್ರ ಬಲಗಾಲು ಬ್ರೇಕನ್ನು ಒತ್ತಿ ಹಿಡಿದಿತ್ತು. ಕಾರು ನಿಂತೇ ಇದ್ದರೂ.

ವಾರದ ರಜೆಗೆ ಮನೆಗೆ ಬಂದಿದ್ದ ಮಗಳು, ಆಸ್ಪತ್ರೆಯಲ್ಲಿ ನರ್ಸು, ಗೇಟಿನ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. “ಅಪ್ಪಾ, ಅಮ್ಮನ ಉಸಿರು ಕಟ್ಟಿಸ್ತಿದ್ದೀರ ನೀವು,” ಎಂದಳು.

“ನಿಂಗೆ ಗೊತ್ತಾಗಲ್ಲ ಸುಮ್ನಿರು. ಅಲ್ಲಿ ಗಾಜಿನ ಹಿಂದೆ ಕೂತಿರೋರು ನಿನ್ನಪ್ಪನ ಹಾಗೆ ಕಾಯ್ತಾರಾ?”

“ನೀವು ಯಾವತ್ತು ಕಾದಿದ್ದೀರಿ?”

ಲೆನ್ಸಮ್ಮ ಕಾರಿನ ಬಾಗಿಲು ತೆಗೆದು ಇಳಿದಳು. ಗಂಡನ ಕಡೆ ತಿರುಗಿ ನಿಧಾನವಾಗಿ, ತಡೆತಡೆದು, ಆದರೆ ಕೊನೆಯವರೆಗೂ ಹೇಳಿದಳು: “ನಿ... ನಿಮ್ಮ ಮಾತು ನನ್ನ ಬಾಯಲ್ಲಿ ಕೂರಲ್ಲ ಕಣ್ರಿ. ನಂದು ನಾನೇ ಹೇಳ್ತೀನಿ.”

ವೀಸಾ ಕಚೇರಿಗೆ ಹೋದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆವರುತ್ತಿದ್ದರು. ಬಾಗಿಲಲ್ಲಿ ಫೋನುಗಳನ್ನು ತಟ್ಟೆಗೆ ಹಾಕಿಸಿಕೊಂಡರು. ಒಳಗೆ ಒಂದಕ್ಕೊಂದು ಜೋಡಿಸಿದ ಸ್ಟೀಲು ಕುರ್ಚಿಗಳ ಸಾಲು, ಎದುರಿಗೆ ಗಾಜಿನ ಕಿಟಕಿಗಳು, ಪ್ರತಿ ಕಿಟಕಿಗೂ ಒಂದು ಮೈಕು, ಒಂದು ಪುಟ್ಟ ಸ್ಪೀಕರು. ಯಾರ ಮಾತೂ ಗುಟ್ಟಾಗಿ ಉಳಿಯುವಂತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೆ ಪ್ರಶ್ನೆಯೂ ಉತ್ತರವೂ ಕೇಳುತ್ತಿದ್ದವು. ಕಿಟಕಿಯ ಹಿಂದೆ ಇದ್ದದ್ದು ಆ ದೇಶದ ಹೆಂಗಸು. ಇಲ್ಲಿಯ ಮಾತನ್ನು ಪುಸ್ತಕದಿಂದ ಕಲಿತಿದ್ದಳೆಂದು ಕಾಣುತ್ತದೆ, ಅಚ್ಚಿನ ಅಕ್ಷರದ ಹಾಗೆ ಬಿಡಿಬಿಡಿಸಿ ಆಡುತ್ತಿದ್ದಳು.

ಚೀಟಿ ಕೊಡುವ ಗುಮಾಸ್ತ ಕುರ್ಚಿಗಳ ನಡುವೆ ಬಂದು ಕೇಳಿದ. “ಕಿವಿ ಕೇಳದವರು, ಮಾತು ಬಾರದವರು ಯಾರಾದ್ರೂ ಇದ್ದೀರಾ? ಇದ್ರೆ ಜೊತೆಗೊಬ್ಬರನ್ನ ಬಿಡ್ತೀವಿ.”

ಮೇಷ್ಟ್ರಿಗೆ ದೇವರೇ ಕೂಗಿ ಕರೆದಂತಾಯಿತು. ಹಿಂದುಮುಂದು ನೋಡದೆ ಕೈಯೆತ್ತಿದರು. “ಇಲ್ಲಿ ಸಾರ್, ಇಲ್ಲಿ! ನನ್ನ ಹೆಂಡತಿಗೆ ಮಾತು ಬರಲ್ಲ.”

ಸಾಲಿನಲ್ಲಿದ್ದ ತಲೆಗಳೆಲ್ಲ ತಿರುಗಿದವು. ಗುಮಾಸ್ತ ಪೆನ್ನು ತೆಗೆದ. ಲೆನ್ಸಮ್ಮ ಎದ್ದು ನಿಂತಳು. ತುಟಿ ಬಿಗಿದುಕೊಂಡಿತು, ಕೊರಳಿನ ನರ ಎದ್ದಿತು. “ಬ... ಬ... ಬ...” ಪಕ್ಕದ ಕುರ್ಚಿಯ ಮಗು ಕಾಲಾಡಿಸುವುದನ್ನು ನಿಲ್ಲಿಸಿತು.

“ಬರುತ್ತೆ,” ಎಂದಳು ಲೆನ್ಸಮ್ಮ. “ನಿಧಾನವಾಗಿ ಬರುತ್ತೆ.”

ಹಾಗೆಂದು ಕೂತಳು. ಗುಮಾಸ್ತ ಪೆನ್ನನ್ನು ಜೇಬಿಗಿಟ್ಟುಕೊಂಡು, “ಸರಿ ಅಮ್ಮಾ,” ಎಂದು ಮುಂದೆ ಹೋದ. ಮೇಷ್ಟ್ರು ತಲೆ ತಗ್ಗಿಸಿ ತಮ್ಮ ಬೂಟಿನ ದಾರವನ್ನು ನೋಡುತ್ತ ಉಳಿದರು. ಹೆಂಡತಿ ಅವರನ್ನು ಬಯ್ಯಲಿಲ್ಲ, ದುರುಗುಟ್ಟಿ ನೋಡಲೂ ಇಲ್ಲ. ನೋಡಿದ್ದರೆ ಎಷ್ಟೋ ವಾಸಿಯಾಗಿತ್ತು.

ಮೊದಲು ಮೇಷ್ಟ್ರ ಸರದಿ ಬಂತು. ಎದೆ ಸೆಟೆಸಿಕೊಂಡು ಕಿಟಕಿಗೆ ಹೋದರು. ಮಾತು ಅವರಿಗೆ ಹೊಸದೇ?

“ನಮ್ಮ ದೇಶದಲ್ಲಿ ತಾವು ಏನನ್ನು ನೋಡಲು ಬಯಸುತ್ತೀರಿ?” ಎಂದು ಅಧಿಕಾರಿ ಕೇಳಿದಳು.

ದೀಪಸ್ತಂಭದ ಸುದ್ದಿ ಎತ್ತಬಾರದೆಂದು ತಾವೇ ಹಾಕಿಕೊಂಡ ಕಟ್ಟು ಅವರನ್ನು ಕಟ್ಟಿಹಾಕಿತು. “ನೋಡೋಕಾ? ಏನಿಲ್ಲ ಮೇಡಂ. ಅಲ್ಲಿ ನೋಡೋವಂಥದ್ದು ಏನೂ ಇಲ್ಲ.”

ಅಧಿಕಾರಿಯ ಹುಬ್ಬು ಮೇಲೇರಿತು. “ಹಾಗಾದರೆ ಏಕೆ ಇಳಿಯುತ್ತೀರಿ?”

“ಹಡಗು ನಿಲ್ಲುತ್ತಲ್ಲ, ಅದಕ್ಕೆ. ಹಾಗಂತ ತಪ್ಪಿಸಿಕೊಂಡು ಅಲ್ಲೇ ಉಳಿದುಬಿಡೋರಲ್ಲ ನಾವು! ಆ ಥರದವರಲ್ಲ!”

ಅದನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿ ಏನನ್ನೋ ಬರೆದುಕೊಂಡಳು. ಹಡಗು ಹೊರಡುವುದು ಯಾವಾಗ ಎಂದು ಕೇಳಿದಳು. ಮೇಷ್ಟ್ರು ಮುಂದಿನ ತಿಂಗಳ ಮೊದಲನೆಯ ವಾರ ಎಂದರು, ಅಲ್ಲ ಎರಡನೆಯದು ಎಂದರು, ಕೊನೆಗೆ, “ಅದೆಲ್ಲ ನನ್ನ ಹೆಂಡತಿಗೆ ಗೊತ್ತು ಮೇಡಂ,” ಎಂದುಬಿಟ್ಟರು. “ಕುಳಿತುಕೊಳ್ಳಿ,” ಎಂದಳು ಅಧಿಕಾರಿ. ಆ ದನಿಯಲ್ಲಿ ಒಳ್ಳೆಯದೇನೂ ಇರಲಿಲ್ಲ. ಮೇಷ್ಟ್ರು ಬಂದು ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕುಸಿದರು. ಎಲ್ಲ ತಮ್ಮಿಂದಲೇ ಕೆಟ್ಟಿತು ಎನಿಸಿತು.

ಲೆನ್ಸಮ್ಮ ಕಿಟಕಿಯ ಮುಂದೆ ನಿಂತಳು. ಅಧಿಕಾರಿ ಬಾಯಿ ತೆರೆಯುವ ಮೊದಲೇ ಮೈಕಿನ ಹತ್ತಿರ ಬಾಗಿದಳು.

“ಮೇಡಂ, ನಂಗೆ ಮಾ... ಮಾ... ಮಾತು ತಡೆಯುತ್ತೆ. ಆದ್ರೆ ಪೂರ್ತಿ ಮಾಡ್ತೀನಿ. ನೀವು ಸ್ವಲ್ಪ ಕಾಯಬೇಕು.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹೀಗೂ ಯಾರಾದರೂ ತಮ್ಮ ಹುಳುಕನ್ನು ತಾವೇ ಎತ್ತಿ ತೋರಿಸುತ್ತಾರೆಯೇ? ಆದರೆ ಸ್ಪೀಕರಿನಿಂದ ಬಂದ ದನಿ ಬೇರೆಯಾಗಿತ್ತು. “ಆಗಲಿ. ನಾನು ಕಾಯುತ್ತೇನೆ.” ಕಣ್ಣು ತೆರೆದು ನೋಡಿದರೆ ಅಧಿಕಾರಿ ಪೆನ್ನು ಕೆಳಗಿಟ್ಟಿದ್ದಳು.

ಅದೇ ಪ್ರಶ್ನೆ ಬಂತು, ಏನನ್ನು ನೋಡಲು ಬಯಸುತ್ತೀರಿ. ಲೆನ್ಸಮ್ಮ ಹೇಳತೊಡಗಿದಳು. ನಿಮ್ಮ ಬಂದರಿನ ದೀಪಸ್ತಂಭದಲ್ಲಿ ಹಳೆಯ ಗಾಜಿದೆ, ಅದನ್ನು ನೋಡಬೇಕು. ನಾನು ಕನ್ನಡಕಕ್ಕೆ ಗಾಜು ಕೂರಿಸುವವಳು. ಎರಡು ಗಾಜು ಕೂರಿಸುವುದಕ್ಕೇ ಇಷ್ಟು ಉಜ್ಜಬೇಕು. ಅಲ್ಲಿ ನೂರಾರು ತುಂಡುಗಳಿವೆ, ಒಂದೊಂದರ ಓರೆಯೂ ಬೇರೆ. ಒಂದು ತುಂಡು ತಪ್ಪಿದರೆ ಬೆಳಕು ಚೆದುರಿಹೋಗುತ್ತದೆ, ದೂರದ ಹಡಗಿಗೆ ಕಾಣುವುದಿಲ್ಲ. ಯಂತ್ರವಿಲ್ಲದ ಕಾಲದಲ್ಲಿ ಯಾರೋ ಕೂತು ಅದನ್ನು ಮಾಡಿದ್ದಾರೆ.

ಒಂದೊಂದು ಮಾತಿಗೂ ಅದರದೇ ಹೊತ್ತು ಹಿಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. ಮೇಷ್ಟ್ರು ತಿರುಗಿ ಕಣ್ಣು ಬಿಟ್ಟ ರಭಸಕ್ಕೆ ಆ ಉಸಿರು ಅರ್ಧದಲ್ಲೇ ನಿಂತಿತು.

“ಹಿತ್ತಾಳೆ ಚೌಕಟ್ಟಿಗೂ ಆ ತುಂಡುಗಳಿಗೂ ನಡುವೆ,” ಎಂದು ಲೆನ್ಸಮ್ಮ ಮುಂದುವರಿಸಿದಳು, “ಗ... ಗ... ಗ...”

ಗಾಜು, ಎಂದರು ಮೇಷ್ಟ್ರು ಮನಸ್ಸಿನಲ್ಲೇ. ಗಾಜು ಅನ್ನು, ಗಾಜು. ಅವರ ಕಾಲು ನೆಲವನ್ನು ಒತ್ತುತ್ತಿತ್ತು. ಅತ್ತ ಅಧಿಕಾರಿಗೂ ತಡೆಯಲಾಗಲಿಲ್ಲ. ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ, “ಗಾಜು?” ಎಂದಳು.

ಲೆನ್ಸಮ್ಮ ಒಂದು ಬೆರಳೆತ್ತಿದಳು. ತಾಳಿ, ಎನ್ನುವಂತೆ. ಅಧಿಕಾರಿ ಬಾಯಿ ಮುಚ್ಚಿದಳು. ಗೋಡೆಯ ಮೇಲಿನ ಫ್ಯಾನು ಒಂದು ಸುತ್ತು ಅತ್ತ ಹೋಗಿ ಇತ್ತ ಬಂತು.

“ಗಾಳಿ,” ಎಂದಳು ಲೆನ್ಸಮ್ಮ. “ಗಾಳಿ ನುಗ್ಗೋಷ್ಟೂ ಸಂದಿ ಇಲ್ಲ ಅಂತ ಕೇಳಿದ್ದೀನಿ. ಅದನ್ನ ಹೇಗೆ ಕೂರಿಸಿದರು ಅಂತ ಕಣ್ಣಾರೆ ನೋಡಬೇಕು.”

“ಕ್ಷಮಿಸಿ,” ಎಂದು ಅಧಿಕಾರಿ ನಕ್ಕಳು. “ನಾನು ತಪ್ಪು ಊಹಿಸಿದೆ.”

ಮೇಷ್ಟ್ರು ನಗಲಿಲ್ಲ. ಅವರೂ ತಪ್ಪನ್ನೇ ಊಹಿಸಿದ್ದರು. ಇಷ್ಟು ವರ್ಷ ಈಕೆಯ ಎಷ್ಟು ‘ಗಾಳಿ’ಗಳನ್ನು ತಾವು ‘ಗಾಜು’ ಮಾಡಿದ್ದಿರಬಹುದು ಎಂದು ಲೆಕ್ಕ ಹಾಕಹೊರಟು, ಲೆಕ್ಕ ಸಿಗದೆ ಬಿಟ್ಟರು. ಮುಂದಿದ್ದ ಬೆನ್ನನ್ನೇ ನೋಡುತ್ತ ಕೂತರು. ಬಾಗದ ಬೆನ್ನು. ಇಷ್ಟು ಜನರ ಕಿವಿ ತನ್ನ ಮೇಲಿದೆ ಎಂದು ಗೊತ್ತಿದ್ದೂ ಅವಸರಪಡದ ಬೆನ್ನು. ತಾವಾಗಿದ್ದರೆ? ಒಂದೊಂದು ಅಕ್ಷರಕ್ಕೂ ಹೀಗೆ ಬಾಗಿಲು ತಟ್ಟಬೇಕಾಗಿ ಬಂದಿದ್ದರೆ ತಾವು ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಈ ಹೆಂಗಸು ದಿನಾ ತಟ್ಟಿದ್ದಾಳೆ. ಅವಳಿಗೆ ತಾವೇ ಆಸರೆ ಎಂದುಕೊಂಡಿದ್ದರಲ್ಲ, ಇಂಥ ಧೈರ್ಯಕ್ಕೆ ಆಸರೆ ಯಾಕೆ ಬೇಕಿತ್ತು?

ಅಧಿಕಾರಿ ಕೊನೆಯದಾಗಿ ಮೇಷ್ಟ್ರ ಕಡೆ ಬೆರಳು ಮಾಡಿ ಕೇಳಿದಳು. “ತಮ್ಮ ಪತಿಗೆ ಹಡಗು ಹೊರಡುವ ದಿನವೂ ತಿಳಿದಿಲ್ಲ. ನೋಡುವಂಥದ್ದು ಏನೂ ಇಲ್ಲ ಎಂದರು. ಅವರು ಮನಸ್ಸಿಟ್ಟು ಬರುತ್ತಿದ್ದಾರೆಯೇ?”

ಲೆನ್ಸಮ್ಮ ತಿರುಗಿ ಗಂಡನನ್ನು ನೋಡಿದಳು. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು.

“ಅವರಿಗೆ ಮಾತು ಜಾಸ್ತಿ ಮೇಡಂ, ನೆನಪು ಕಮ್ಮಿ,” ಎಂದಳು. ಮುಂದಿನ ಸಾಲು ಗೊಳ್ಳೆಂದಿತು. “ಆದ್ರೆ ನಾನು ಒಂದೇ ಸಲ ಕೇ... ಕೇ... ಕೇಳಿದ್ದು. ಮಾರನೇ ದಿನ ಟಿಕೆಟ್ ತಂದರು. ಅವರಿಗೆ ನೋಡೋ ಆಸೆ ಇಲ್ದೇ ಇರಬಹುದು. ನಂಗೆ ತೋರಿಸೋ ಆಸೆ ಇದೆ.” ಹೊರಡುವ ದಿನ, ವಾಪಸು ಬರುವ ದಿನ ಎಲ್ಲವನ್ನೂ ಹೇಳಿ, ಮೈಕಿಗೆ ಕೈಮುಗಿದು ಬಂದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಡ್ರೈವರು ಎರಡು ಕಡೆ ತಪ್ಪಾಗಿ ಗೇರು ಬದಲಿಸಿದ. ಅದಕ್ಕೂ ಏನೂ ಅನ್ನಲಿಲ್ಲ. ಲೆನ್ಸಮ್ಮನಿಗೆ ಗಾಬರಿಯಾಯಿತು.

“ಯಾ... ಯಾಕ್ರಿ? ಹುಷಾರಿಲ್ವಾ?”

“ಇಲ್ಲಪ್ಪ. ನೀನೇನಾದ್ರೂ ಮಾತಾಡ್ತೀಯೇನೋ ಅಂತ ಸುಮ್ನಿದ್ದೆ.” ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಮತ್ತೆ ಹೇಳಿದರು, “ಮಾತು ಬರಲ್ಲ ಅಂದೆನಲ್ಲ, ಅಲ್ಲಿ, ಎಲ್ಲರೆದುರು. ತಪ್ಪಾಯ್ತು ಕಣೇ.”

“ಹೂಂ,” ಎಂದಳು ಲೆನ್ಸಮ್ಮ. ಇಲ್ಲ ಬಿಡಿ ಎನ್ನಲಿಲ್ಲ. ಆದರೆ ಕಿಟಕಿಯ ಪಕ್ಕದಲ್ಲಿದ್ದವಳು ಸ್ವಲ್ಪ ಇತ್ತ ಸರಿದು ಕೂತಳು.

ಪಾಸ್‌ಪೋರ್ಟುಗಳು ಅಂಚೆಯಲ್ಲಿ ಬಂದಾಗ ಮೇಷ್ಟ್ರು ಲಕೋಟೆಯನ್ನು ತಾವು ಬಿಚ್ಚದೆ ಹೆಂಡತಿಯ ಕೈಗೆ ಕೊಟ್ಟರು. ಇಬ್ಬರದಕ್ಕೂ ವೀಸಾ ಅಂಟಿಸಿತ್ತು. ಸುದ್ದಿ ಕೇಳಿದ ಮಗಳು ಫೋನಿನಲ್ಲಿ, “ಅಪ್ಪಾ, ನಿಮಗೂ ಕೊಟ್ಟರಾ? ಅಮ್ಮನ ಪುಣ್ಯ!” ಎಂದು ನಕ್ಕಿದ್ದೇ ನಕ್ಕಿದ್ದು. ಮುಂದಿನ ದಿನಗಳಲ್ಲಿ ಕಾರು ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಈ ಕಥೆ ಹೇಳಿದರು. ತಾವು ಹೇಗೆ ಪೆದ್ದರಾದೆವು ಎಂಬ ಭಾಗವನ್ನು ಬಿಡದೆ, ಬೆರಳೆತ್ತಿದ ಭಾಗವನ್ನು ಎರಡೆರಡು ಸಲ.

ಹಡಗು ಆ ಬಂದರನ್ನು ಬೆಳಗ್ಗೆ ಮುಟ್ಟಿತು. ದೀಪಸ್ತಂಭ ಗುಡ್ಡದ ತುದಿಯಲ್ಲಿತ್ತು, ಬಿಳಿಯ ಬಣ್ಣ, ಒಳಗೆ ಸುತ್ತಿ ಸುತ್ತಿ ಏರುವ ಕಿರಿದಾದ ಮೆಟ್ಟಿಲು. ಜೀವಮಾನವಿಡೀ ಬ್ರೇಕು ಒತ್ತಿದ ಮಂಡಿ ಮೇಷ್ಟ್ರಿಗೆ ಅರ್ಧದಲ್ಲೇ ಕೈಕೊಟ್ಟಿತು. ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತ, “ನೀನು ಹೋಗು,” ಎಂದರು.

“ನೀವು?”

“ನಾನು ಕೆಳಗಿರ್ತೀನಿ. ಅವಸರ ಮಾಡ್ಕೋಬೇಡ.”

ಅವರು ಕೆಳಗಿಳಿದು ಹೊರಗಿನ ಕಲ್ಲುಬೆಂಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತರು. ಜೊತೆಗೆ ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು. ಲೆನ್ಸಮ್ಮ ಬರಲಿಲ್ಲ. ಬಂದಾಗ ಕೆನ್ನೆ ಕೆಂಪಾಗಿತ್ತು, ಕೂದಲೆಲ್ಲ ಗಾಳಿಗೆ ಕೆದರಿತ್ತು. ಬೆಂಚಿನ ಮೇಲೆ ಧೊಪ್ಪನೆ ಕೂತು ಗಂಡನ ತೋಳು ಹಿಡಿದುಕೊಂಡಳು.

“ಅ... ಅ... ಅಷ್ಟು ದೊಡ್ಡದು ರೀ! ಅಲ್ಲಿನ ಕಾವಲುಗಾರ ನನ್ನ ಕೈ ಹಿಡಿದು ಅದಕ್ಕೆ ಮು... ಮು...”

ಮೇಷ್ಟ್ರು ಕಾದರು. ಕೆಳಗೆ ಒಂದು ದೋಣಿ ನಿಧಾನವಾಗಿ ಬಂದರನ್ನು ದಾಟಿ ಹೋಯಿತು.

“ಮುಟ್ಟಿಸಿದ. ಒಂದೇ ಬೆರಳಲ್ಲಿ ತ... ತಳ್ಳು ಅಂತ ಸನ್ನೆ ಮಾಡಿದ. ತಳ್ಳಿದೆ. ಆನೆಯಷ್ಟು ಭಾರ, ಸದ್ದೇ ಇಲ್ಲದೆ ತಿರುಗ್ತು ರೀ. ಗೋಡೆ ತುಂಬಾ ಬಣ್ಣ ಓಡಿತು...”

ಮೇಲಿನ ಗಾಜು ಮೇಷ್ಟ್ರ ಕಣ್ಣಿಗೆ ಬೀಳಲೇ ಇಲ್ಲ. ಅವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

“ಆಮೇಲೆ?” ಎಂದರು.